ಪೋಸು ಕೊಡದ ಯುರೋಪ್

ಎರಡು ಮಹಾಯುದ್ಧಗಳ ನಡುವೆ ಕೆಲವೇ ವರ್ಷ ಕ್ಯಾಮೆರಾ ಅಧಿಕಾರಸ್ಥರ ಕೋಣೆಯೊಳಗೆ ಸಲೀಸಾಗಿ ಓಡಾಡಿತು. ಆ ಬಾಗಿಲು ತೆರೆದವನ ಮತ್ತು ಅದನ್ನು ಮುಚ್ಚಿದವರ ಕಥೆ ಇದು.

1930ರ ಜನವರಿಯಲ್ಲಿ ಯುರೋಪಿನ ಹಲವು ದೇಶಗಳ ಸಚಿವರು ಹೇಗ್ ನಗರದಲ್ಲಿ ಸೇರಿದ್ದರು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಗೆದ್ದವರಿಗೆ ಎಷ್ಟು ಪರಿಹಾರ ತೆರಬೇಕು, ಎಷ್ಟು ವರ್ಷ ತೆರಬೇಕು ಎಂಬುದು ಅವರ ಮುಂದಿದ್ದ ಲೆಕ್ಕ. ಮೇಜಿನ ಮೇಲಿದ್ದ ಯಂಗ್ ಯೋಜನೆಯ ಪ್ರಕಾರ ಕೊನೆಯ ಕಂತು ಕಟ್ಟಬೇಕಾದದ್ದು 1988ರಲ್ಲಿ. ಅಂದರೆ ಅಂದು ಇನ್ನೂ ಹುಟ್ಟಿರದ ಮಕ್ಕಳ ಮಕ್ಕಳೂ ಅಜ್ಜಂದಿರ ಯುದ್ಧದ ಸಾಲ ತೀರಿಸಬೇಕಿತ್ತು.

ಆ ಸಮ್ಮೇಳನದ ಒಂದು ನಡುರಾತ್ರಿಯ ಫೋಟೊ ಇಂದಿಗೂ ಪತ್ರಿಕಾ ಛಾಯಾಗ್ರಹಣದ ಚರಿತ್ರೆಯಲ್ಲಿ ತಪ್ಪದೆ ಕಾಣಿಸುತ್ತದೆ. ದೀಪದ ಮಂದ ಬೆಳಕಿನ ಕೋಣೆ, ಮೆತ್ತನೆಯ ಆರಾಮಕುರ್ಚಿಗಳು, ಅವುಗಳಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಮಂತ್ರಿಗಳು. ಮಾತು ಮುಗಿದಿಲ್ಲ, ಆದರೆ ಮೈ ಸೋತುಹೋಗಿದೆ. ಕೆಲವರು ಇನ್ನೂ ಏನೋ ಹೇಳುತ್ತಿದ್ದಾರೆ, ಕೆಲವರು ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕುಸಿದಿದ್ದಾರೆ. ಕ್ಯಾಮೆರಾ ಕಡೆ ಯಾರ ಗಮನವೂ ಇಲ್ಲ. ಸಭೆಯಲ್ಲಿ ಮಂತ್ರಿಗಳು ತೂಕಡಿಸುವುದು ಆಗಲೂ ಹೊಸ ವಿಷಯವಾಗಿರಲಿಲ್ಲ. ಅವರು ತೂಕಡಿಸುವುದನ್ನು ಪತ್ರಿಕೆಯ ಓದುಗ ಪಕ್ಕದಲ್ಲೇ ನಿಂತವನಂತೆ ನೋಡಿದ್ದು ಮಾತ್ರ ಹೊಸದು.

ಆ ಫೋಟೊ ತೆಗೆದವನು ಎರಿಕ್ ಸಾಲೊಮನ್. ವೃತ್ತಿಗೆ ಇಳಿದಾಗ ವಯಸ್ಸು ನಲವತ್ತು ದಾಟಿತ್ತು. ಕಾನೂನಿನಲ್ಲಿ ಡಾಕ್ಟರೇಟ್ ಪಡೆದಿದ್ದ ಆತ ಜೀವನದ ಕೊನೆಯವರೆಗೂ ತನ್ನ ಹೆಸರಿನ ಹಿಂದೆ ‘ಡಾಕ್ಟರ್’ ಬಿಡಲಿಲ್ಲ.

ಹೊಟ್ಟೆಪಾಡಿಗೆ ಹಿಡಿದ ಕ್ಯಾಮೆರಾ

ಸಾಲೊಮನ್ ಹುಟ್ಟಿದ್ದು 1886ರಲ್ಲಿ, ಬರ್ಲಿನ್ನಿನ ಸಿರಿವಂತ ಯಹೂದಿ ಬ್ಯಾಂಕರ್ ಕುಟುಂಬದಲ್ಲಿ. ಪ್ರಾಣಿಶಾಸ್ತ್ರ, ಎಂಜಿನಿಯರಿಂಗ್ ಎಂದು ಅಲ್ಲಿಲ್ಲಿ ಕೈಯಾಡಿಸಿ ಕೊನೆಗೆ ಕಾನೂನಿಗೆ ಬಂದ. ಮಹಾಯುದ್ಧ ಶುರುವಾದಾಗ ಸೈನ್ಯಕ್ಕೆ ಕರೆ ಬಂತು. 1914ರಲ್ಲೇ ಫ್ರೆಂಚರಿಗೆ ಸೆರೆಸಿಕ್ಕು, ಯುದ್ಧದ ಉಳಿದ ವರ್ಷಗಳನ್ನು ಶಿಬಿರಗಳಲ್ಲಿ ದುಭಾಷಿಯಾಗಿ ಕಳೆದ. ಅಲ್ಲಿ ಹದಗೊಂಡ ಫ್ರೆಂಚ್ ಭಾಷೆ ಮುಂದೆ ಪ್ಯಾರಿಸ್ಸಿನ ವಿದೇಶಾಂಗ ಕಚೇರಿಯ ಬಾಗಿಲು ದಾಟಲು ಕ್ಯಾಮೆರಾದಷ್ಟೇ ಉಪಯೋಗಕ್ಕೆ ಬಂತು.

ಯುದ್ಧ ಮುಗಿದ ಮೇಲಿನ ಹಣದುಬ್ಬರದಲ್ಲಿ ಮನೆತನದ ಆಸ್ತಿ ಕರಗಿಹೋಯಿತು. ಷೇರುಪೇಟೆಯ ಕೆಲಸ, ಪಿಯಾನೊ ಕಾರ್ಖಾನೆಯ ಪಾಲುಗಾರಿಕೆ, ಬಾಡಿಗೆ ವಾಹನದ ವ್ಯಾಪಾರ, ಎಲ್ಲವನ್ನೂ ಮಾಡಿ ನೋಡಿದ. ಬಾಡಿಗೆ ಕಾರಿನಲ್ಲಿ ಪ್ರಯಾಣಿಸುವವರಿಗೆ ದಾರಿಯುದ್ದಕ್ಕೂ ಕಾನೂನು ಮತ್ತು ಹಣಕಾಸಿನ ಸಲಹೆಯನ್ನೂ ಕೊಡುವುದಾಗಿ ಜಾಹೀರಾತು ಹಾಕಿದ್ದ. ಈ ಚಮತ್ಕಾರ ಬರ್ಲಿನ್ನಿನ ದೊಡ್ಡ ಪ್ರಕಾಶನ ಸಂಸ್ಥೆ ಉಲ್‌ಸ್ಟೈನ್‌ನವರ ಕಣ್ಣಿಗೆ ಬಿತ್ತು. ಅಲ್ಲಿನ ಪ್ರಚಾರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸಂಸ್ಥೆಯ ಜಾಹೀರಾತು ಫಲಕಗಳನ್ನು ಊರೂರಿನ ಗೋಡೆಗಳ ಮೇಲೆ ಹಾಕಿಸುವುದು, ಗೋಡೆಯ ಮಾಲೀಕರು ತಕರಾರು ತೆಗೆದರೆ ಕೋರ್ಟಿಗೆ ಸಾಕ್ಷ್ಯ ಒದಗಿಸುವುದು ಆತನ ಕೆಲಸದ ಭಾಗ. ಆ ಸಾಕ್ಷ್ಯಕ್ಕೆಂದೇ 1927ರ ಹೊತ್ತಿಗೆ ಎರವಲು ಕ್ಯಾಮೆರಾ ಕೈಗೆ ಬಂತು. ವಕೀಲಿಕೆ ಓದಿದವನು ಹೀಗೆ ಗೋಡೆಗಳ ಫೋಟೊ ತೆಗೆಯುತ್ತ ತೆಗೆಯುತ್ತ ಛಾಯಾಗ್ರಾಹಕನಾದ.

ಕತ್ತಲಲ್ಲೂ ಕಾಣುವ ಕಣ್ಣು

ಆಗಿನ ಪತ್ರಿಕಾ ಛಾಯಾಗ್ರಾಹಕ ಎಂದರೆ ದೊಡ್ಡ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡ್, ತಟ್ಟೆಯಲ್ಲಿ ಮೆಗ್ನೀಷಿಯಂ ಪುಡಿ. ಒಳಾಂಗಣದಲ್ಲಿ ಫೋಟೊ ಬೇಕೆಂದರೆ ಆ ಪುಡಿಗೆ ಬೆಂಕಿ ತಾಗಿಸಬೇಕು. ಭಗ್ಗನೆ ಬೆಳಕು, ಹಿಂದೆಯೇ ಹೊಗೆ, ಸುಟ್ಟ ವಾಸನೆ. ಅಷ್ಟು ಗಲಾಟೆಯ ನಡುವೆ ಎದುರಿಗಿದ್ದವರು ಸಹಜವಾಗಿ ಇರಬೇಕೆಂದರೆ ಹೇಗೆ? ಗಣ್ಯರು ಎದೆಯುಬ್ಬಿಸಿ ಸಾಲಾಗಿ ನಿಂತು, ಕ್ಯಾಮೆರಾವನ್ನೇ ದಿಟ್ಟಿಸಿ, ಆಮೇಲೆ ಸಭೆಗೆ ಹೋಗುತ್ತಿದ್ದರು. ಸಭೆ ಶುರುವಾಗುವ ಮೊದಲೇ ಫೋಟೊ ಮುಗಿದಿರುತ್ತಿತ್ತು.

ಡ್ರೆಸ್ಡೆನ್ನಿನ ಎರ್ನೆಮನ್ ಕಂಪನಿ 1924ರಲ್ಲಿ ಮಾರುಕಟ್ಟೆಗೆ ತಂದ ಎರ್ಮನಾಕ್ಸ್ ಎಂಬ ಪುಟ್ಟ ಕ್ಯಾಮೆರಾ ಈ ಪದ್ಧತಿಯನ್ನೇ ಬುಡಮೇಲು ಮಾಡಿತು. ಕ್ಯಾಮೆರಾದ ಒಡಲಿಗಿಂತ ಅದರ ಲೆನ್ಸೇ ದೊಡ್ಡದಾಗಿ ಕಾಣುತ್ತಿತ್ತು. ಲುಡ್ವಿಗ್ ಬೆರ್ಟೆಲೆ ರೂಪಿಸಿದ ಆ ಲೆನ್ಸು ಅಂದಿನ ಬೇರೆ ಲೆನ್ಸುಗಳಿಗಿಂತ ಎಷ್ಟೋ ಪಾಲು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಕೋಣೆಯಲ್ಲಿ ಉರಿಯುವ ದೀಪವೇ ಸಾಕು, ಪುಡಿ ಬೇಡ, ಹೊಗೆ ಬೇಡ.

ಹಾಗೆಂದು ಕೆಲಸ ಸುಲಭವೇನಾಗಿರಲಿಲ್ಲ. ಎರ್ಮನಾಕ್ಸಿಗೆ ರೀಲು ಇರಲಿಲ್ಲ. ನಾಲ್ಕೂವರೆ ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದದ ಗಾಜಿನ ಪ್ಲೇಟುಗಳನ್ನು ಒಂದೊಂದಾಗಿ ತುಂಬಬೇಕು. ಒಂದು ಚಿತ್ರ ತೆಗೆದ ಮೇಲೆ ಪ್ಲೇಟು ಬದಲಿಸಿ ಮತ್ತೆ ಸಜ್ಜಾಗುವ ಹೊತ್ತಿಗೆ ಆ ಗಳಿಗೆ ಕಳೆದೇ ಹೋಗಿರುತ್ತಿತ್ತು. ದೀಪದ ಬೆಳಕಿನಲ್ಲಿ ಶಟರ್ ಅರ್ಧ ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಯಾರಾದರೂ ತಲೆ ಆಡಿಸಿದರೆ ಚಿತ್ರ ಕಲಸಿದಂತಾಗುತ್ತದೆ. ಇನ್ನು ಲೆನ್ಸು ಪೂರ್ತಿ ತೆರೆದಾಗ ಒಬ್ಬನ ಮೂಗು ಸ್ಪಷ್ಟವಾಗಿ ಬಂದರೆ ಹಿಂದಿನವನ ಕಿವಿ ಮಸುಕು. ಹಾಗಾಗಿ ಸಾಲೊಮನ್ ದೂರವನ್ನು ಮೊದಲೇ ಅಳೆದಿಟ್ಟುಕೊಂಡು ಕಾಯುತ್ತಿದ್ದ. ಮಾತಾಡುವವನು ಉಸಿರೆಳೆದುಕೊಳ್ಳಲು ನಿಲ್ಲುವ, ಕೇಳುವವನು ಯೋಚನೆಯಲ್ಲಿ ಮುಳುಗುವ, ಸಿಗಾರ್ ತುಟಿಯ ಬಳಿ ಅರೆಗಳಿಗೆ ತಡೆಯುವ ಕ್ಷಣಗಳನ್ನು ಹೊಂಚುಹಾಕಿ ಹಿಡಿಯುತ್ತಿದ್ದ. ಆತನ ಚಿತ್ರಗಳಲ್ಲಿ ಕಾಣುವ ಆ ಆಲೋಚನೆಯ ಮೌನಕ್ಕೆ ಯಂತ್ರದ ಈ ಮಿತಿಯೂ ಒಂದು ಕಾರಣ. ತನ್ನ ಕೆಲಸವನ್ನು ಆತ ಬೇಟೆಗಾರನ ಕೆಲಸಕ್ಕೆ ಹೋಲಿಸಿದ್ದು ಸುಮ್ಮನೆ ಅಲ್ಲ.

ಟೋಪಿಯೊಳಗೆ, ಜೋಳಿಗೆಯೊಳಗೆ

ಹೆಸರು ಬಂದದ್ದು 1928ರಲ್ಲಿ, ನ್ಯಾಯಾಲಯದಿಂದ. ಜರ್ಮನಿಯೆಲ್ಲ ಮಾತಾಡುತ್ತಿದ್ದ ಕೊಲೆ ಪ್ರಕರಣಗಳ ವಿಚಾರಣೆಗೆ ಕ್ಯಾಮೆರಾ ತರುವಂತಿರಲಿಲ್ಲ. ಸಾಲೊಮನ್ ತನ್ನ ಬೌಲರ್ ಟೋಪಿಗೆ ಲೆನ್ಸಿನ ಅಗಲಕ್ಕೆ ತೂತು ಕೊರೆದು, ಎರ್ಮನಾಕ್ಸನ್ನು ಅದರೊಳಗೆ ಕೂರಿಸಿ, ಸಭ್ಯನಂತೆ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಒಮ್ಮೆ ಸಿಕ್ಕಿಬಿದ್ದಾಗ ಪ್ಲೇಟುಗಳನ್ನು ಕೊಡು ಎಂದರು. ಖಾಲಿ ಪ್ಲೇಟುಗಳನ್ನು ಕೊಟ್ಟು, ಚಿತ್ರ ಮೂಡಿದ್ದವನ್ನು ಜೇಬಿನಲ್ಲೇ ಉಳಿಸಿಕೊಂಡು ಹೊರಬಂದ ಎಂಬ ಕಥೆ ಪತ್ರಿಕಾರಂಗದಲ್ಲಿ ಪ್ರಸಿದ್ಧ. ಆ ಚಿತ್ರಗಳು ಉಲ್‌ಸ್ಟೈನ್‌ನವರದೇ ಸಚಿತ್ರ ವಾರಪತ್ರಿಕೆ ‘ಬರ್ಲಿನರ್ ಇಲುಸ್ಟ್ರಿರ್ಟೆ’ಯಲ್ಲಿ ಅಚ್ಚಾದವು. ಆ ಹೊತ್ತಿಗೆ ಹದಿನೆಂಟು ಲಕ್ಷದಷ್ಟು ಪ್ರತಿಗಳು ಮಾರಾಟವಾಗುತ್ತಿದ್ದ ಪತ್ರಿಕೆ ಅದು. ಸಂಬಳದ ಕೆಲಸ ಬಿಟ್ಟು ಸಾಲೊಮನ್ ಪೂರ್ಣಾವಧಿ ಫೋಟೊ ಪತ್ರಕರ್ತನಾದ.

ಅದೇ ವರ್ಷದ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಕೆಲ್ಲಾಗ್–ಬ್ರಿಯಾಂ ಒಪ್ಪಂದಕ್ಕೆ ಸಹಿ ಬಿತ್ತು. ಇನ್ನು ಮುಂದೆ ಯುದ್ಧವನ್ನು ರಾಷ್ಟ್ರನೀತಿಯ ಸಾಧನವಾಗಿ ಬಳಸುವುದಿಲ್ಲ ಎಂದು ಹದಿನೈದು ದೇಶಗಳು ಮಾತು ಕೊಟ್ಟ ಸಮಾರಂಭ. ಪೋಲೆಂಡಿನ ಪ್ರತಿನಿಧಿಯ ಕುರ್ಚಿ ಖಾಲಿಯಿದ್ದುದನ್ನು ಕಂಡು ಸಾಲೊಮನ್ ನೆಟ್ಟಗೆ ಹೋಗಿ ಅದರಲ್ಲೇ ಕೂತು ಫೋಟೊ ತೆಗೆದ ಎನ್ನುತ್ತಾರೆ. ಕರೆಯೋಲೆ ಇಲ್ಲದೆ ಮದುವೆಮನೆಗೆ ಬಂದು ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿಕೊಳ್ಳುವ ಗತ್ತಿನ ನೆಂಟರನ್ನು ನೋಡಿದವರಿಗೆ ಈ ವರಸೆ ಹೊಸದೆನಿಸದು. ಠಾಕುಠೀಕಾದ ಸಂಜೆಯ ಉಡುಪು, ಹಲವು ಭಾಷೆಗಳ ಸಲೀಸು ಮಾತು, ವಯಸ್ಸಿಗೆ ತಕ್ಕ ಗಾಂಭೀರ್ಯ ಇದ್ದವನನ್ನು ಬಾಗಿಲ ಕಾವಲುಗಾರ ರಾಯಭಾರಿಯೆಂದೇ ತಿಳಿಯುತ್ತಿದ್ದ. ಕೈಯಲ್ಲಿದ್ದ ಚರ್ಮದ ಬ್ಯಾಗಿನೊಳಗೆ ಕಾಗದಪತ್ರಗಳ ಬದಲು ಕ್ಯಾಮೆರಾ ಇರುವುದು ಅವನಿಗೆ ಹೇಗೆ ಗೊತ್ತಾಗಬೇಕು?

1932ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಲಾಪ ನಡೆಯುತ್ತಿದ್ದಾಗಲೇ ನ್ಯಾಯಮೂರ್ತಿಗಳ ಚಿತ್ರ ತೆಗೆದದ್ದು ಮುರಿಯದ ಕೈಗೆ ಜೋಳಿಗೆ ಕಟ್ಟಿಕೊಂಡು, ಕ್ಯಾಮೆರಾವನ್ನು ಅದರೊಳಗೆ ಅಡಗಿಸಿ.

ಬೆರಳು ತೋರಿಸಿ ನಕ್ಕ ಮಂತ್ರಿ

ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. ಕದ್ದು ನುಗ್ಗುತ್ತಿದ್ದವನನ್ನು ನಾಯಕರೇ ಹುಡುಕತೊಡಗಿದರು. ಜಿನೀವಾದ ರಾಷ್ಟ್ರಸಂಘ, ಲುಗಾನೊ, ಹೇಗ್, ಎಲ್ಲಿ ಸಮ್ಮೇಳನವೋ ಅಲ್ಲಿ ಸಾಲೊಮನ್. ಫ್ರಾನ್ಸಿನ ಅರಿಸ್ಟೀಡ್ ಬ್ರಿಯಾಂ, ಜರ್ಮನಿಯ ಗುಸ್ಟಾವ್ ಸ್ಟ್ರೆಸ್ಮನ್, ಬ್ರಿಟನ್ನಿನ ಆಸ್ಟಿನ್ ಚೇಂಬರ್ಲಿನ್ ಮೂವರೂ ಶಾಂತಿಯ ನೊಬೆಲ್ ಪಡೆದವರು. ಈ ಮೂವರು ಹೋಟೆಲಿನ ಕೋಣೆಯಲ್ಲಿ ಕಾಲು ಚಾಚಿ ಕೂತು ಹರಟುವುದನ್ನು ಯುರೋಪಿನ ಜನ ನೋಡಿದ್ದು ಆತನ ಕಣ್ಣಿನಿಂದ. ಲಂಡನ್ನಿನ ‘ಗ್ರಾಫಿಕ್’ ಪತ್ರಿಕೆ ಆತನ ಚಿತ್ರಗಳನ್ನು ಅಚ್ಚು ಹಾಕುತ್ತ ‘ಕ್ಯಾಂಡಿಡ್ ಕ್ಯಾಮೆರಾ’ ಎಂದು ಕರೆಯಿತು; ಹೆಸರು ಜಗತ್ತಿನೆಲ್ಲೆಡೆ ನಿಂತಿತು. 1931ರಲ್ಲಿ ಪ್ರಸಿದ್ಧರ ಮೈಮರೆತ ಕ್ಷಣಗಳ ಚಿತ್ರಸಂಪುಟವೂ ಜರ್ಮನಿಯಲ್ಲಿ ಪ್ರಕಟವಾಯಿತು.

ಸಮ್ಮೇಳನ ನಡೆಸಲು ಒಂದಷ್ಟು ವಿದೇಶಾಂಗ ಸಚಿವರು, ಒಂದು ಮೇಜು, ಒಬ್ಬ ಸಾಲೊಮನ್ ಇದ್ದರೆ ಸಾಕು ಎಂದು ಬ್ರಿಯಾಂ ಚಟಾಕಿ ಹಾರಿಸುತ್ತಿದ್ದನಂತೆ. ಅವನಿರುವ ಇನ್ನೊಂದು ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1931ರಲ್ಲಿ ಪ್ಯಾರಿಸ್ಸಿನ ವಿದೇಶಾಂಗ ಕಚೇರಿಯಲ್ಲಿ ನಡೆದ ಔತಣ. ಗುಂಪಿನ ನಡುವೆ ದಪ್ಪ ಮೀಸೆಯ, ಬಾಗಿದ ಭುಜದ ಬ್ರಿಯಾಂ. ಹೊಂಚು ಹಾಕಿದ್ದ ಕ್ಯಾಮೆರಾ ಕಣ್ಣಿಗೆ ಬಿದ್ದದ್ದೇ ತಡ, ಬೆರಳನ್ನು ಲೆನ್ಸಿನತ್ತ ಚಾಚಿದ್ದಾನೆ. ಅಧಿಕಪ್ರಸಂಗಿಗಳ ರಾಜ ಇಲ್ಲಿದ್ದಾನೆ ನೋಡಿ ಎಂಬರ್ಥದ ಮಾತು ಅವನ ಬಾಯಿಂದ ಬಂತು ಎನ್ನುತ್ತಾರೆ. ಸುತ್ತಲಿನವರ ಮುಖದಲ್ಲಿ ನಗು. ಸಿಕ್ಕಿಬಿದ್ದವರು ಯಾರು, ಹಿಡಿದವರು ಯಾರು ಎಂಬುದೇ ಅಲ್ಲಿ ಅದಲುಬದಲಾಗಿದೆ. ಅಧಿಕಾರದಲ್ಲಿದ್ದವನು ಫೋಟೊಗ್ರಾಫರನನ್ನು ಹೊರದಬ್ಬಿಸದೆ ಬೆರಳು ತೋರಿಸಿ ನಕ್ಕಿದ್ದಾನೆ. ನನ್ನ ಮಟ್ಟಿಗೆ ಆ ದಶಕದ ಪ್ರಜಾಪ್ರಭುತ್ವದ ಆರೋಗ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಚಿತ್ರ ಇನ್ನೊಂದಿಲ್ಲ.

ಚೌಕಟ್ಟಿನ ಹೊರಗೆ

ಆದರೂ ಈ ಚಿತ್ರಗಳ ಮೇಲೆ ಒಂದು ತಕರಾರು ಎತ್ತಲೇಬೇಕು. ಸಾಲೊಮನ್ನನ ಯುರೋಪಿನಲ್ಲಿ ಎಲ್ಲರೂ ಸಂಜೆಯ ಉಡುಪಿನಲ್ಲಿದ್ದಾರೆ. ಅಲ್ಲಿ ಐನ್‌ಸ್ಟೈನ್ ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಜತೆ ಹರಟುತ್ತಾನೆ, ಸಂಗೀತಗಾರರು, ಬ್ಯಾಂಕರುಗಳು, ರಾಯಭಾರಿಗಳ ಮಡದಿಯರು ಬಂದುಹೋಗುತ್ತಾರೆ. 1932ರ ಆರಂಭಕ್ಕೆ ಜರ್ಮನಿಯಲ್ಲಿ ಅರವತ್ತು ಲಕ್ಷ ಜನ ನಿರುದ್ಯೋಗಿಗಳಾಗಿದ್ದರು. ಆ ಚಳಿಗಾಲದ ಬೀದಿ ಈ ಕೋಣೆಗಳ ಕಿಟಕಿಯಿಂದ ಕಾಣುವುದಿಲ್ಲ. ದೊಡ್ಡವರು ನಮ್ಮಂತೆಯೇ ಆಕಳಿಸುತ್ತಾರೆ, ನಗುತ್ತಾರೆ ಎಂದು ತೋರಿಸಿದ್ದು ಸರಿ. ಅವರ ನಿರ್ಧಾರಗಳು ಯಾರ ಒಲೆ ಆರಿಸಿದವು ಎಂಬುದನ್ನು ತೋರಿಸಲು ಬೇರೆ ಕಣ್ಣುಗಳು ಬೇಕಾದವು.

ಆ ಕಣ್ಣುಗಳಿಗೆ ದಾರಿ ಮಾಡಿದ್ದು 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಓಸ್ಕರ್ ಬಾರ್ನಾಕ್ ರೂಪಿಸಿದ, ಸಿನಿಮಾ ರೀಲನ್ನೇ ಬಳಸುವ, ಕೋಟಿನ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ. ಒಂದು ಸಲ ತುಂಬಿದರೆ ಮೂವತ್ತಾರು ಚಿತ್ರ. ಸಾಲೊಮನ್ ಕೂಡ ಮುಂದೆ ಇದನ್ನೇ ಹಿಡಿದ. ಬ್ರಿಟನ್ನಿನಲ್ಲಿ ಹಂಫ್ರಿ ಸ್ಪೆಂಡರ್ ಎಂಬ ತರುಣ ‘ಮಾಸ್ ಅಬ್ಸರ್ವೇಶನ್’ ಎಂಬ ಸಮೀಕ್ಷಾ ಕೂಟಕ್ಕಾಗಿ 1937–38ರಲ್ಲಿ ಬೋಲ್ಟನ್ ಎಂಬ ಗಿರಣಿ ಊರಿನ ಪಬ್ಬು, ಬೀದಿ, ಚುನಾವಣಾ ಸಭೆಗಳನ್ನು ಚಿತ್ರಿಸಿದ. ಕ್ಯಾಮೆರಾ ಕೋಟಿನಡಿ ಅಡಗಿರುತ್ತಿತ್ತು. ಉಳ್ಳವರ ಮನೆಯಿಂದ ಬಂದ ತಾನು ಬಡವರ ಬದುಕಿನಲ್ಲಿ ಇಣುಕುತ್ತಿದ್ದೇನೆ ಎಂಬ ಮುಜುಗರ ಅವನನ್ನು ಬಿಡಲಿಲ್ಲ. ಮಂತ್ರಿಯನ್ನು ಕೇಳದೆ ಫೋಟೊ ತೆಗೆಯುವುದಕ್ಕೂ ಗಿರಣಿ ಕೂಲಿಯನ್ನು ಕೇಳದೆ ಫೋಟೊ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಮಂತ್ರಿ ಜನಕ್ಕೆ ಲೆಕ್ಕ ಒಪ್ಪಿಸಬೇಕಾದವನು. ಸಂಜೆ ಬಿಯರ್ ಕುಡಿಯುವ ಕೂಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಅದೇ ತಕ್ಕಡಿಯಲ್ಲಿ ತೂಗಿದರೆ ಕಟಕಟೆಯಲ್ಲಿ ನಿಂತ ಆರೋಪಿಯನ್ನು ಟೋಪಿಯೊಳಗಿಂದ ಸೆರೆಹಿಡಿದ ಸಾಲೊಮನ್ ಕೂಡ ತಪ್ಪಿತಸ್ಥನೇ. ನ್ಯಾಯಾಲಯದೊಳಗೆ ಫೋಟೊ ತೆಗೆಯುವುದನ್ನು ಬ್ರಿಟನ್ 1925ರಲ್ಲೇ ಕಾನೂನಿನಿಂದ ನಿಷೇಧಿಸಿತ್ತು.

1937ರ ಮೇ 12ರಂದು ಲಂಡನ್ನಿನಲ್ಲಿ ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕ. ಫ್ರೆಂಚ್ ಪತ್ರಿಕೆಯೊಂದು ಕಳಿಸಿದ್ದ ಆನ್ರಿ ಕಾರ್ಟಿಯರ್ ಬ್ರೆಸೋಂ ದೊರೆಗೆ ಬೆನ್ನು ಮಾಡಿ, ಮೆರವಣಿಗೆ ನೋಡಲು ಬಂದ ಜನರತ್ತ ಲೈಕಾ ತಿರುಗಿಸಿದ. ಹತ್ತು ವರ್ಷದ ಮೇಲೆ ಭಾರತಕ್ಕೂ ಬಂದ ಅವನು ಗಾಂಧೀಜಿಯ ಹತ್ಯೆಯ ಸುದ್ದಿಯನ್ನು ನೆಹರೂ ಬಿರ್ಲಾ ಭವನದ ಗೇಟಿನ ಬಳಿ ಕತ್ತಲಲ್ಲಿ ಜನರಿಗೆ ಹೇಳುವ ಗಳಿಗೆಯನ್ನು ಹಿಡಿದಿಟ್ಟದ್ದು ನಮಗೆ ಗೊತ್ತೇ ಇದೆ. ಅಲ್ಲಿಯೂ ಇದ್ದಷ್ಟೇ ಬೆಳಕು, ಪೋಸಿಲ್ಲದ ಮುಖ.

ರಿಹರ್ಸಲ್ ಮಾಡಿದ ಫೋಟೊ

ಪೋಸಿನ ರಾಜಕೀಯವೂ ಅದೇ ಹೊತ್ತಿಗೆ ಬೆಳೆಯುತ್ತಿತ್ತು. 1920ರ ದಶಕದಲ್ಲೇ ಮ್ಯೂನಿಕ್ಕಿನ ಸ್ಟುಡಿಯೋದಲ್ಲಿ ಹಿಟ್ಲರ್ ತನ್ನ ಭಾಷಣದ ಹಾವಭಾವಗಳನ್ನು ಹೈನ್ರಿಖ್ ಹಾಫ್‌ಮನ್ ಎಂಬ ಫೋಟೊಗ್ರಾಫರನ ಕ್ಯಾಮೆರಾ ಮುಂದೆ ಅಭ್ಯಾಸ ಮಾಡುತ್ತಿದ್ದ. ಮುಷ್ಟಿ ಬಿಗಿಯುವುದು ಹೇಗೆ, ಕೈ ಚಾಚುವುದು ಹೇಗೆ, ಕಣ್ಣರಳಿಸುವುದು ಹೇಗೆ ಎಂದು ಚಿತ್ರ ನೋಡಿ ತಿದ್ದಿಕೊಳ್ಳುತ್ತಿದ್ದ. ಆ ಚಿತ್ರಗಳನ್ನು ಪ್ರಕಟಿಸದಂತೆ ತಡೆದ. ಮುಂದೆ ದೇಶ ನೋಡಬೇಕಾದ ಹಿಟ್ಲರನ ಮುಖ ಯಾವುದು ಎಂದು ಬಹುಮಟ್ಟಿಗೆ ತೀರ್ಮಾನವಾದದ್ದು ಹಾಫ್‌ಮನ್ನನ ಅಂಗಡಿಯಲ್ಲಿ. ಅಲ್ಲಿ ಆಕಳಿಕೆಗೆ ಜಾಗವಿರಲಿಲ್ಲ.

ಎರಡೂ ಬಗೆಯ ರಾಜಕೀಯ ಒಮ್ಮೆ ಜಿನೀವಾದಲ್ಲಿ ಮುಖಾಮುಖಿಯಾದವು. 1933ರ ಸೆಪ್ಟೆಂಬರಿನಲ್ಲಿ ಹಿಟ್ಲರ್ ಸರ್ಕಾರದ ಪ್ರಚಾರ ಸಚಿವ ಗೊಬೆಲ್ಸ್ ರಾಷ್ಟ್ರಸಂಘದ ಸಭೆಗೆ ಬಂದಿದ್ದ. ಹೋಟೆಲಿನ ಹುಲ್ಲುಹಾಸಿನ ಮೇಲೆ ಕೂತಿದ್ದವನ ಎದುರು ಆಲ್‌ಫ್ರೆಡ್ ಐಸೆನ್‌ಸ್ಟಾಟ್ ಕ್ಯಾಮೆರಾ ಹಿಡಿದು ಬಂದ. ಸಾಲೊಮನ್ನನಂತೆಯೇ ಜರ್ಮನಿಯ ಯಹೂದಿ, ಆತನ ದಾರಿಯಲ್ಲೇ ಬಂದವನು. ಚಿತ್ರದಲ್ಲಿ ಗೊಬೆಲ್ಸ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಮೈ ಕುಗ್ಗಿಸಿ, ಲೆನ್ಸನ್ನೇ ಸುಡುವಂತೆ ದಿಟ್ಟಿಸುತ್ತಾನೆ. ಬ್ರಿಯಾಂ ಬೆರಳು ತೋರಿಸಿ ನಕ್ಕು ಎರಡೇ ವರ್ಷವಾಗಿತ್ತು. ಮರುತಿಂಗಳು ಜರ್ಮನಿ ರಾಷ್ಟ್ರಸಂಘದಿಂದ ಹೊರನಡೆಯಿತು. ಅದೇ ಅಕ್ಟೋಬರಿನಲ್ಲಿ ಹೊರಡಿಸಿದ ಸಂಪಾದಕರ ಕಾಯ್ದೆ ಯಹೂದಿಗಳನ್ನು ಪತ್ರಿಕೋದ್ಯಮದಿಂದ ಹೊರಗಟ್ಟಿತು. ಉಲ್‌ಸ್ಟೈನ್ ಸಂಸ್ಥೆಯನ್ನು ಅದರ ಯಹೂದಿ ಮಾಲೀಕರಿಂದ ಕಸಿದುಕೊಳ್ಳಲಾಯಿತು. ಮ್ಯೂನಿಕ್ಕಿನ ಸಚಿತ್ರ ಪತ್ರಿಕೆಯ ಸಂಪಾದಕ ಸ್ಟೆಫಾನ್ ಲೊರಾಂಟ್ ಜೈಲಿಗೆ ಹೋಗಿ, ಬಿಡುಗಡೆಯಾದ ಮೇಲೆ ಇಂಗ್ಲೆಂಡ್ ಸೇರಿ 1938ರಲ್ಲಿ ‘ಪಿಕ್ಚರ್ ಪೋಸ್ಟ್’ ಕಟ್ಟಿದ. ಐಸೆನ್‌ಸ್ಟಾಟ್ 1935ರಲ್ಲಿ ಅಮೆರಿಕಕ್ಕೆ ಹೋಗಿ ‘ಲೈಫ್’ ಪತ್ರಿಕೆಯ ಮೊದಲ ಫೋಟೊಗ್ರಾಫರುಗಳಲ್ಲಿ ಒಬ್ಬನಾದ. ಬರ್ಲಿನ್ ಮತ್ತು ಮ್ಯೂನಿಕ್ ಕಲಿಸಿದ ಕಸುಬು ಲಂಡನ್, ನ್ಯೂಯಾರ್ಕುಗಳ ಪಾಲಾಯಿತು.

ಸಾಲೊಮನ್ ಅಷ್ಟು ದೂರ ಹೋಗಲಿಲ್ಲ. ಹೆಂಡತಿಯ ತವರು ಹಾಲೆಂಡ್. ಕುಟುಂಬ ಹೇಗ್‌ನಲ್ಲಿ ನೆಲೆಸಿತು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು. ತಲೆಮರೆಸಿಕೊಂಡಿದ್ದ ಕುಟುಂಬವನ್ನು ಯಾರೋ ಹಿಡಿದುಕೊಟ್ಟರು. ಸಾಲೊಮನ್, ಹೆಂಡತಿ, ಕಿರಿಯ ಮಗ ಮೂವರನ್ನೂ ಟೆರೆಜಿಯನ್‌ಸ್ಟಾಟ್ ಶಿಬಿರಕ್ಕೆ, ಅಲ್ಲಿಂದ ಔಶ್ವಿಟ್ಜ್‌ಗೆ ಸಾಗಿಸಿದರು. 1944ರ ಜುಲೈನಲ್ಲಿ ಆತ ಅಲ್ಲಿ ಸತ್ತ. ಹೆಂಡತಿ, ಕಿರಿಯ ಮಗ ಕೂಡ ಬದುಕಿ ಬರಲಿಲ್ಲ.

ಇಂಗ್ಲೆಂಡಿನಲ್ಲಿದ್ದ ಹಿರಿಯ ಮಗ ಓಟೊ, ಮುಂದೆ ಪೀಟರ್ ಹಂಟರ್ ಎಂದು ಹೆಸರು ಬದಲಿಸಿಕೊಂಡವನು, ಯುದ್ಧ ಮುಗಿದ ಮೇಲೆ ಅಪ್ಪನ ನೆಗೆಟಿವ್‌ಗಳನ್ನು ಹುಡುಕಿ ತೆಗೆದ. ಒಂದಷ್ಟು ಮಣ್ಣಿನಲ್ಲಿ ಹೂತಿದ್ದವು, ಒಂದಷ್ಟನ್ನು ಡಚ್ ಸಂಸತ್ತಿನ ಗ್ರಂಥಾಲಯದಲ್ಲಿ ಬಚ್ಚಿಡಲಾಗಿತ್ತು. ಆ ಸಂಗ್ರಹ ಈಗ ಬರ್ಲಿನ್ನಿನ ಬರ್ಲಿನಿಶೆ ಗ್ಯಾಲರಿಯಲ್ಲಿದೆ. ಜರ್ಮನಿಯ ಛಾಯಾಗ್ರಹಣ ಸಂಘ 1971ರಿಂದ ಸಾಲೊಮನ್ ಹೆಸರಿನಲ್ಲಿ ಪತ್ರಿಕಾ ಛಾಯಾಗ್ರಹಣ ಪ್ರಶಸ್ತಿ ಕೊಡುತ್ತಿದೆ.

ಆ ಫೋಟೊಗಳು ಯುದ್ಧವನ್ನು ತಡೆದವೇ? ಇಲ್ಲ. ಹೇಗ್‌ನಲ್ಲಿ ನಿದ್ದೆಗೆಟ್ಟು ಮಾಡಿದ ಲೆಕ್ಕವನ್ನು ಎರಡೂವರೆ ವರ್ಷದಲ್ಲೇ ಲೋಸಾನ್ ಸಮ್ಮೇಳನದಲ್ಲಿ ಕೈಬಿಟ್ಟರು. ಯುದ್ಧ ಮಾಡುವುದಿಲ್ಲವೆಂದು ಸಹಿ ಹಾಕಿದ್ದವರೂ ಮುಂದೆ ಯುದ್ಧ ಮಾಡಿದರು. ಫೋಟೊದಿಂದ ಅಷ್ಟನ್ನು ನಿರೀಕ್ಷಿಸುವುದೇ ತಪ್ಪು. ಆದರೆ ಅಧಿಕಾರದಲ್ಲಿರುವವರು ಬಾಗಿಲ ಹಿಂದೆ ಹೇಗಿರುತ್ತಾರೆ ಎಂದು ನೋಡುವುದು ಪ್ರಜೆಯ ಹಕ್ಕು ಎಂಬ ಅಭ್ಯಾಸವನ್ನು ಅವು ಹುಟ್ಟಿಸಿದವು. ಆ ಅಭ್ಯಾಸವನ್ನು ಸಹಿಸಿದ ಸರ್ಕಾರಗಳು ಯಾವುವು, ಸಹಿಸದೆ ತಮ್ಮದೇ ಫೋಟೊಗ್ರಾಫರನನ್ನು ಇಟ್ಟುಕೊಂಡವು ಯಾವುವು ಎಂಬುದೂ ದಾಖಲಾಯಿತು.

ಇಂದು ಪ್ರತಿ ನಾಯಕನ ಹಿಂದೆ ಸ್ವಂತ ಕ್ಯಾಮೆರಾ ತಂಡವಿದೆ. ಚಹಾ ಕುಡಿಯುವ, ಮಗುವನ್ನು ಎತ್ತಿಕೊಳ್ಳುವ, ಕಡತ ನೋಡುತ್ತ ಕೂರುವ ‘ಸಹಜ’ ಚಿತ್ರಗಳು ದಿನವೂ ಫೋನಿಗೆ ಬರುತ್ತವೆ. ಸಹಜತೆಯನ್ನೂ ರಿಹರ್ಸಲ್ ಮಾಡುವ ಕಾಲವಿದು. ಮುಂದಿನ ಸಲ ಅಂಥ ಚಿತ್ರ ಕಂಡಾಗ ನಾಯಕನ ಮುಖ ನೋಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೆಗೆದವನಿಗೆ ಸಂಬಳ ಕೊಡುವವರು ಯಾರು?